ನೆಟ್‌ವರ್ಕ್ ಮಾರ್ಕೆಟಿಂಗ್: ನೀವು ಗೆದ್ದರೆ ಮಾತ್ರ ನಿಮ್ಮ ‘ಮೆಂಟರ್’ ಗೆಲ್ಲುತ್ತಾರೆ ಎಂಬುದು ನಿಜವೇ?

“ಕೆಲಸಕ್ಕೆ ಸೇರಿದರೆ ಬಾಸ್ ಸಿಗುತ್ತಾನೆ, ನಮ್ಮ ಬಿಸಿನೆಸ್ಸಿಗೆ ಬಂದರೆ ಮೆಂಟರ್ ಸಿಗುತ್ತಾನೆ. ನಾವು ವಸ್ತು ಮಾರುವವರಲ್ಲ, ನಾಯಕರನ್ನು ಬೆಳೆಸುವವರು. ನೀವು ಗೆದ್ದರೆ ಮಾತ್ರ ನಿಮ್ಮ ಅಪ್‌ಲೈನ್ ಗೆಲ್ಲಲು ಸಾಧ್ಯ!”

ಇಂಥದ್ದೊಂದು ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಕಳಿಸಿದವರು ಅಪರಿಚಿತರೇನಲ್ಲ. ಹಳೆಯ ಸಹಪಾಠಿ, ಚಿಕ್ಕಮ್ಮನ ಮಗ, ಪಕ್ಕದ ಬೀದಿಯ ಟೀಚರ್. ಅದಕ್ಕೇ ನಾವು ಇದನ್ನು ಸುಲಭವಾಗಿ ಅಳಿಸಿ ಹಾಕುವುದಿಲ್ಲ.

ನಮ್ಮ ಬಳಗದಲ್ಲೇ ಒಬ್ಬರು ಕೆಲವು ವರ್ಷಗಳ ಹಿಂದೆ ಇಂತಹ ಜಾಲಕ್ಕೆ ಸೇರಿದ್ದರು. ದಿನಾ ಬೆಳಿಗ್ಗೆ ಆರು ಗಂಟೆಗೆ ಮೆಂಟರ್ ಫೋನು ಬರುತ್ತಿತ್ತು. ಮನೆಯವರೂ ಅಷ್ಟು ಪ್ರೀತಿಯಿಂದ ವಿಚಾರಿಸುತ್ತಿರಲಿಲ್ಲ. ಎಂಟು ತಿಂಗಳಲ್ಲಿ ಮಂಚದ ಕೆಳಗೆ 38,000 ರೂಪಾಯಿಯ ಪ್ರೋಟೀನ್ ಡಬ್ಬಿಗಳು ಉಳಿದವು. ಅವನ್ನು ವಾಪಸ್ ತೆಗೆದುಕೊಳ್ಳಿ ಎಂದು ಕೇಳಿದ ವಾರದಲ್ಲೇ ಬೆಳಗಿನ ಫೋನು ನಿಂತಿತು. ಗುಂಪಿನಿಂದಲೂ ಹೊರಗೆ ಹಾಕಿದರು. ಇಲ್ಲಿ ಏನಾಯಿತು ಎಂದು ಅರ್ಥ ಮಾಡಿಕೊಳ್ಳಲು ಮೊದಲು ಹಣದ ದಾರಿಯನ್ನು ನೋಡೋಣ.

ಕಮಿಷನ್ ಬರುವುದು ನಿಮ್ಮ ಲಾಭದಿಂದಲ್ಲ

ಈ ವ್ಯವಹಾರದಲ್ಲಿ ನಿಮ್ಮನ್ನು ಸೇರಿಸಿದವರು ಅಪ್‌ಲೈನ್, ನೀವು ಸೇರಿಸಿದವರು ಡೌನ್‌ಲೈನ್. ಸಾಮಾನ್ಯವಾಗಿ ಅಪ್‌ಲೈನ್‌ಗೆ ಕಮಿಷನ್ ಲೆಕ್ಕ ಹಾಕುವುದು ಅವರ ಕೆಳಗಿನ ಗುಂಪು ಎಷ್ಟು ಮಾಲು ಕೊಂಡಿತು ಎಂಬುದರ ಮೇಲೆ. ಆ ಮಾಲು ಗಿರಾಕಿಯ ಮನೆಗೆ ಹೋಯಿತೋ, ನಿಮ್ಮ ಮಂಚದ ಕೆಳಗೇ ಉಳಿಯಿತೋ ಎಂಬುದು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ನೀವು ಈ ತಿಂಗಳು 5,000 ರೂಪಾಯಿಯ ಮಾಲು ಕೊಂಡು ಒಂದನ್ನೂ ಮಾರದಿದ್ದರೆ ನಿಮಗೆ 5,000 ನಷ್ಟ. ನಿಮ್ಮ ಅಪ್‌ಲೈನ್‌ಗೆ ಮಾತ್ರ ಅದೇ ಖರೀದಿಯ ಮೇಲೆ ಕಮಿಷನ್. ಹಾಗಾಗಿ “ನೀವು ಗೆದ್ದರೆ ಮಾತ್ರ ಅಪ್‌ಲೈನ್ ಗೆಲ್ಲುತ್ತಾರೆ” ಎಂಬ ಮಾತು ತಪ್ಪು. ನೀವು ಕೊಂಡರೆ ಸಾಕು, ಅಪ್‌ಲೈನ್ ಗೆಲ್ಲುತ್ತಾರೆ.

ಒಬ್ಬ ಒಳ್ಳೆಯ ಮಾರ್ಗದರ್ಶಿ “ಈ ತಿಂಗಳು ಕೊಳ್ಳಬೇಡ, ಹಳೆಯದನ್ನು ಮೊದಲು ಮಾರು” ಅಥವಾ “ಇದು ನಿನಗೆ ಆಗುತ್ತಿಲ್ಲ, ಬಿಟ್ಟುಬಿಡು” ಎಂದು ಹೇಳಬಲ್ಲವನಾಗಿರಬೇಕು. ಈ ಎರಡು ಮಾತು ಹೇಳಿದರೆ ಅಪ್‌ಲೈನ್‌ನ ಆದಾಯವೇ ಕಡಿಮೆಯಾಗುತ್ತದೆ. ಆತ ಕೆಟ್ಟವನಾಗಿರಬೇಕಿಲ್ಲ, ಎಷ್ಟೋ ಸಲ ಆತನೂ ನಂಬಿಯೇ ಮಾತಾಡುತ್ತಿರುತ್ತಾನೆ. ಆದರೆ ಸಲಹೆ ಕೊಡುವವನ ಜೇಬು ನಿಮ್ಮ ಖರೀದಿಗೆ ಕಟ್ಟಿಕೊಂಡಿದ್ದರೆ ಆ ಸಲಹೆಯನ್ನು ಮಾರಾಟಗಾರನ ಮಾತು ಎಂದೇ ತೂಗಬೇಕು.

“ಎಲ್ಲರೂ ಲೀಡರ್ ಆಗಬಹುದು” ಎಂಬ ಲೆಕ್ಕ

ಒಬ್ಬರು ಐವರನ್ನು ಸೇರಿಸುತ್ತಾರೆ, ಆ ಐವರು ತಲಾ ಐವರನ್ನು ಸೇರಿಸುತ್ತಾರೆ. ಬೋರ್ಡಿನ ಮೇಲೆ ಬರೆದಾಗ ಬಹಳ ಸುಲಭ ಎನಿಸುತ್ತದೆ. 5, 25, 125, 625... ಹೀಗೇ ಹೋದರೆ 11ನೇ ಹಂತದಲ್ಲಿ 4,88,28,125 ಜನ ಬೇಕು. ಮೇಲಿನವರನ್ನೂ ಸೇರಿಸಿದರೆ ಒಟ್ಟು 6,10,35,156. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6,10,95,297. ಅಂದರೆ ಹನ್ನೊಂದೇ ಹಂತಕ್ಕೆ ತೊಟ್ಟಿಲ ಕೂಸಿನಿಂದ ಹಿಡಿದು ಊರುಗೋಲು ಹಿಡಿದ ಅಜ್ಜನವರೆಗೆ ಇಡೀ ರಾಜ್ಯವೇ ಸೇರಿ ಮುಗಿದಿರುತ್ತದೆ!

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಈ ಸರಪಳಿ ಯಾವ ಹಂತದಲ್ಲಿ ನಿಂತರೂ ಹೆಚ್ಚುಕಡಿಮೆ 100ಕ್ಕೆ 80 ಜನ ಕಟ್ಟಕಡೆಯ ಸಾಲಿನಲ್ಲಿರುತ್ತಾರೆ. ಅವರ ಕೆಳಗೆ ಯಾರೂ ಇರುವುದಿಲ್ಲ. ಅವರು ಸೋಮಾರಿಗಳೆಂದಲ್ಲ, ಲೆಕ್ಕವೇ ಹಾಗಿದೆ. ಎಲ್ಲರೂ ಹಗಲಿರುಳು ದುಡಿದರೂ ಆ ಸಾಲು ಖಾಲಿಯಾಗುವುದಿಲ್ಲ.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಇಂತಹ 70 ಕಂಪನಿಗಳು ತಾವೇ ಪ್ರಕಟಿಸಿದ ಆದಾಯ ವಿವರಗಳನ್ನು ಪರಿಶೀಲಿಸಿತು. ಹೆಚ್ಚಿನ ಸದಸ್ಯರು ವರ್ಷಕ್ಕೆ ಗಳಿಸಿದ್ದು 1,000 ಡಾಲರ್ ಅಥವಾ ಅದಕ್ಕಿಂತ ಕಡಿಮೆ. ಅದೂ ಖರ್ಚು ಕಳೆಯುವ ಮೊದಲು.

ಸೋಲಿಗೆ ಹೊಣೆ ಯಾರು?

ಗೆದ್ದವರನ್ನು ವೇದಿಕೆಗೆ ಕರೆದು ಹಾರ ಹಾಕಿದಾಗ ಅವರು “ಇದೆಲ್ಲ ಸಿಸ್ಟಮ್‌ನಿಂದ, ನನ್ನ ಮೆಂಟರ್‌ನಿಂದ” ಎನ್ನುತ್ತಾರೆ. ಸೋತವರಿಗೆ ಮಾತ್ರ “ನಿನ್ನ ನಂಬಿಕೆ ಸಾಲದು, ನೀನು ನೆಗೆಟಿವ್ ಜನರ ಮಾತು ಕೇಳಿದೆ” ಎಂಬ ಉತ್ತರ. ಗೆಲುವಿನ ಹೆಸರು ಮೇಲಕ್ಕೆ, ಸೋಲಿನ ಹೊರೆ ಕೆಳಕ್ಕೆ. ಹೀಗಾದಾಗ ಪದ್ಧತಿಯನ್ನು ತಪ್ಪೆಂದು ತೋರಿಸಲು ದಾರಿಯೇ ಉಳಿಯುವುದಿಲ್ಲ. ಸೋತು ಬಿಟ್ಟುಹೋದವರಿಗೆ ವೇದಿಕೆಯೂ ಇಲ್ಲ, ಆದ್ದರಿಂದ ಸಭೆಯಲ್ಲಿ ಕೂತ ಹೊಸಬರಿಗೆ ಗೆದ್ದವರು ಮಾತ್ರ ಕಾಣುತ್ತಾರೆ.

“ನೆಗೆಟಿವ್ ಜನರಿಂದ ದೂರವಿರಿ” ಎಂಬ ಉಪದೇಶವನ್ನೂ ಗಮನಿಸಿ. ಆ ನೆಗೆಟಿವ್ ಜನ ಯಾರು? ಖರ್ಚಿನ ಲೆಕ್ಕ ಕೇಳುವ ಹೆಂಡತಿ, ಸಾಲ ಮಾಡಬೇಡ ಎನ್ನುವ ಅಪ್ಪ. ನಿಮ್ಮ ನಷ್ಟವನ್ನು ನಿಮ್ಮೊಂದಿಗೆ ಹೊರಬೇಕಾದವರು ಅವರೇ.

ಆರೋಗ್ಯದ ವಿಷಯದಲ್ಲಿ ಇದು ಇನ್ನೂ ಅಪಾಯಕಾರಿ. ಕೆಲವು ಮೆಂಟರ್‌ಗಳು “ಈ ಜ್ಯೂಸ್ ಕುಡಿದರೆ ಶುಗರ್ ಮಾತ್ರೆ ಬೇಡ” ಎಂದು ಹೇಳಿಕೊಡುತ್ತಾರೆ. ಮಧುಮೇಹ ಗುಣಪಡಿಸುತ್ತೇವೆ ಎಂದು ಔಷಧದ ಜಾಹೀರಾತು ನೀಡುವುದನ್ನು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ನಿಷೇಧಿಸಿದೆ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿ ಸಕ್ಕರೆ ಅಂಶ ಏರಿದರೆ ಆಸ್ಪತ್ರೆಯಲ್ಲಿ ಮಲಗುವುದು ನೀವು, ಮೆಂಟರ್ ಅಲ್ಲ.

ಕಾನೂನು ಏನು ಹೇಳುತ್ತದೆ?

ಎಲ್ಲ ನೇರ ಮಾರಾಟವೂ ವಂಚನೆಯಲ್ಲ. ನಿಜವಾದ ವಸ್ತುವನ್ನು ನಿಜವಾದ ಗಿರಾಕಿಗೆ ಮಾರಿ ಗಳಿಸುವುದಕ್ಕೆ ಅಡ್ಡಿಯಿಲ್ಲ. ಆದರೆ ಜನರನ್ನು ಸೇರಿಸುವುದರಿಂದಲೇ ಹಣ ಬರುವ ಯೋಜನೆಗಳನ್ನು 1978ರ ಪ್ರೈಜ್ ಚಿಟ್ಸ್ ಮತ್ತು ಮನಿ ಸರ್ಕ್ಯುಲೇಷನ್ ಸ್ಕೀಮ್ಸ್ ನಿಷೇಧ ಕಾಯ್ದೆ ತಡೆಯುತ್ತದೆ. ಇದನ್ನು ಮೀರಿದರೆ ಮೂರು ವರ್ಷದವರೆಗೂ ಜೈಲು ಆಗಬಹುದು. 2021ರ ಡಿಸೆಂಬರ್‌ನಲ್ಲಿ ಬಂದ ಗ್ರಾಹಕ ಸಂರಕ್ಷಣಾ (ನೇರ ಮಾರಾಟ) ನಿಯಮಗಳು ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ. ತನ್ನ ಮಾರಾಟಗಾರರು ಮಾರಿದ ವಸ್ತುವಿನಿಂದ ಬರುವ ದೂರುಗಳಿಗೆ ಕಂಪನಿಯೇ ಹೊಣೆ. ದೂರು ಕೇಳಲು ಒಬ್ಬ ಅಧಿಕಾರಿ ಇರಲೇಬೇಕು. ಮಾರಾಟಗಾರರು ಗುರುತಿನ ಚೀಟಿ ಇಲ್ಲದೆ, ಮೊದಲೇ ಸಮಯ ಕೇಳದೆ ಮನೆಗೆ ಬರುವಂತಿಲ್ಲ.

ಅಪ್‌ಲೈನ್‌ನ ಹೊಣೆಗಾರಿಕೆ ಎಂಬುದು ಹೊಸ ವಿಚಾರವೇನಲ್ಲ. 1979ರಲ್ಲಿ ಅಮೆರಿಕದ ಇದೇ ಕಮಿಷನ್ ಆಮ್ವೇ ಕಂಪನಿಯ ಯೋಜನೆ ಪಿರಮಿಡ್ ಅಲ್ಲ ಎಂದು ತೀರ್ಪು ಕೊಟ್ಟಿತು. ಈ ವಿಷಯವನ್ನು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುವುದುಂಟು. ಆದರೆ ಆ ತೀರ್ಪಿಗೆ ಆಧಾರವಾದದ್ದು ಕಂಪನಿಯ ಮೂರು ನಿಯಮಗಳು: ಕೊಂಡ ಮಾಲಿನಲ್ಲಿ ಶೇ 70ರಷ್ಟನ್ನಾದರೂ ಮಾರಿರಬೇಕು, ತಿಂಗಳಿಗೆ 10 ಚಿಲ್ಲರೆ ಗಿರಾಕಿಗಳಿಗಾದರೂ ಮಾರಿರಬೇಕು, ಬಿಟ್ಟುಹೋಗುವವರ ಬಳಿ ಉಳಿದ ಒಳ್ಳೆಯ ಮಾಲನ್ನು ಸೇರಿಸಿದವರೇ ವಾಪಸ್ ಕೊಳ್ಳಬೇಕು. ಆದಾಯದ ಬಗ್ಗೆ ದಾರಿ ತಪ್ಪಿಸುವ ಮಾತು ನಿಲ್ಲಿಸಬೇಕೆಂದೂ ಆಗಲೇ ಆದೇಶವಾಗಿತ್ತು.

ಸೇರುವ ಮೊದಲು ಈ ಐದು ಪ್ರಶ್ನೆ ಕೇಳಿ

1. ನಿಮ್ಮ ಆದಾಯದಲ್ಲಿ ಎಷ್ಟು ಭಾಗ ಹೊರಗಿನ ಗಿರಾಕಿಗಳಿಂದ, ಎಷ್ಟು ಭಾಗ ಸೇರಿದವರ ಖರೀದಿಯಿಂದ ಬರುತ್ತದೆ?
2. ಕಳೆದ ವರ್ಷ ಸೀಮಿನಾರ್, ಪ್ರಯಾಣ, ಸ್ವಂತ ಖರೀದಿ ಎಲ್ಲ ಕಳೆದು ನಿಮಗೆ ಉಳಿದದ್ದೆಷ್ಟು? ಚೆಕ್ಕಿನ ಫೋಟೋ ಬೇಡ, ಖರ್ಚಿನ ಲೆಕ್ಕ ತೋರಿಸಿ.
3. ನೀವು ಸೇರಿಸಿದವರಲ್ಲಿ ಎಷ್ಟು ಜನ ಬಿಟ್ಟುಹೋದರು? ಅವರಲ್ಲಿ ಇಬ್ಬರೊಂದಿಗೆ ನಾನು ಮಾತಾಡಬಹುದೇ?
4. ಮಾಲು ಉಳಿದರೆ ಯಾರು, ಎಷ್ಟು ದಿನದಲ್ಲಿ ವಾಪಸ್ ಕೊಳ್ಳುತ್ತಾರೆ? ಬರಹದಲ್ಲಿ ಕೊಡುತ್ತೀರಾ?
5. ಸೇರಲು ಶುಲ್ಕ ಇದೆಯೇ?

ಈ ಪ್ರಶ್ನೆಗಳಿಗೆ ಸಿಟ್ಟಾಗದೆ ಉತ್ತರ ಕೊಡುವವರು ಸಿಕ್ಕರೆ ಮುಂದಿನ ಮಾತು ಆಡಬಹುದು. “ಮೊದಲು ನಂಬು, ಆಮೇಲೆ ಲೆಕ್ಕ” ಎಂದರೆ ಎದ್ದು ಬನ್ನಿ. ಈಗಾಗಲೇ ಹಣ ಕಳೆದುಕೊಂಡಿದ್ದರೆ ರಸೀದಿ, ಸಂದೇಶಗಳನ್ನು ಅಳಿಸಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜನರನ್ನು ಸೇರಿಸಿದ್ದಕ್ಕೇ ಹಣ ಕೊಡುವ ಯೋಜನೆಯಾಗಿದ್ದರೆ ಪೊಲೀಸರಿಗೂ ದೂರು ಕೊಡಿ.

ನಮ್ಮ ಆ ಗೆಳೆಯರ ಕಥೆ ಡಬ್ಬಿಗಳಿಗೇ ಮುಗಿಯಲಿಲ್ಲ. ಅವರೂ ನಾಲ್ವರನ್ನು ಸೇರಿಸಿದ್ದರು, ಅವರಲ್ಲಿ ಒಬ್ಬರು ಸ್ವಂತ ಭಾವ. ಅಂದರೆ ಅವರೂ ನಾಲ್ವರಿಗೆ ಮೆಂಟರ್ ಆಗಿದ್ದರು. ಒಂದು ಭಾನುವಾರ ನಾಲ್ವರ ಮನೆಗೂ ಹೋಗಿ “ನಾನು ನಿಮಗೆ ತಪ್ಪು ಹೇಳಿದೆ” ಎಂದರು. ಉಳಿದ ಮಾಲನ್ನು ವಾಪಸ್ ತೆಗೆದುಕೊಂಡು ಹತ್ತು ತಿಂಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹಣ ತೀರಿಸಿದರು. ಭಾವ ಈಗಲೂ ಹಬ್ಬಕ್ಕೆ ಬರುತ್ತಾರೆ.

ಸಂದೇಶ ಫಾರ್ವರ್ಡ್ ಮಾಡುವುದಕ್ಕೂ ಇದೇ ಮಾತು ಸಲ್ಲುತ್ತದೆ. ನಮ್ಮ ಮಾತು ನಂಬಿ ಒಬ್ಬರು ಹಣ ಹಾಕಿದರೆ ಅದರಲ್ಲಿ ನಮ್ಮ ಹೊಣೆಯೂ ಇದೆ. ಮುಂದಿನ ಸಲ “ನಾಯಕರಾಗಿ” ಎಂಬ ಸಂದೇಶ ಬಂದಾಗ ಅದನ್ನು ಇನ್ನೊಬ್ಬರಿಗೆ ಕಳಿಸುವ ಮೊದಲು ಈ ಐದು ಪ್ರಶ್ನೆಗಳನ್ನು ಕಳಿಸಿದವರಿಗೇ ವಾಪಸ್ ಕಳಿಸಿ ನೋಡಿ.