ಹೊರೆ ಹೊತ್ತವಳ ಲೆಕ್ಕ

ಕೃತಿಯೊಂದರ ಮುಂದೆ ದಲಿತ ವಿಮರ್ಶೆ ಕೇಳುವ ಮೊದಲ ಪ್ರಶ್ನೆ: ಇಲ್ಲಿ ಯಾರು ಮಾತಾಡ್ತಿದಾರೆ, ಯಾರ ಪರವಾಗಿ? ಪರದೇಶದ ದುಡ್ಡಿನ ಅಭಿವೃದ್ಧಿ ಯೋಜನೆಗಳ ವರದಿಗಳೂ ಒಂದು ಬಗೆಯ ಪಠ್ಯಗಳೇ. ಅವನ್ನೂ ಹೀಗೇ ಓದಬೇಕೆಂಬುದು ನನ್ನ ವಾದ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಉದಾಹರಣೆಯನ್ನೇ ಕೊಡ್ತೇನೆ.

1990ರ ದಶಕದಲ್ಲಿ ಬ್ರಿಟನ್ ಸರ್ಕಾರದ ನೆರವಿನ ಪಶ್ಚಿಮಘಟ್ಟ ಅರಣ್ಯ ಯೋಜನೆ ಉತ್ತರ ಕನ್ನಡಕ್ಕೆ ಬಂತು. 1993ರ ಸರ್ಕಾರಿ ಆದೇಶದಂತೆ ಗ್ರಾಮ ಅರಣ್ಯ ಸಮಿತಿಗಳಾದವು. ಇಲಾಖೆಯೂ ಊರವರೂ ಕೂಡಿ ಕಾಡು ನೋಡಿಕೊಳ್ಳಬೇಕೆಂಬುದು ಸಣ್ಣ ಮಾತಲ್ಲ. ಕಾಡನ್ನೇ ನೆಚ್ಚಿದ ಬಡವರು, ಹೆಂಗಸರು, ಬುಡಕಟ್ಟಿನವರ ಸ್ಥಿತಿ ಮೊದಲಿಗಿಂತ ಕೆಡಬಾರದು, ಆದಷ್ಟು ಸುಧಾರಿಸಬೇಕು ಎಂಬುದು ಯೋಜನೆ ತಾನೇ ಹೇಳಿಕೊಂಡ ಗುರಿ. ಆ ಗುರಿಯಿಂದಲೇ ಅದನ್ನು ಅಳೆಯೋಣ.

'ಊರವರು' ಅಂದರೆ ಯಾರು? ಇಲ್ಲಿನ ಅಡಿಕೆ ತೋಟದವರಿಗೆ ಬ್ರಿಟಿಷರ ಕಾಲದಿಂದ ಸೊಪ್ಪಿನಬೆಟ್ಟದ ಸವಲತ್ತಿದೆ: ಎಕರೆ ತೋಟಕ್ಕೆ 9 ಎಕರೆವರೆಗೆ. ಸೊಪ್ಪು, ದರಕು, ಕಟ್ಟಿಗೆ ಅಲ್ಲಿಂದ. ಈ ಹಕ್ಕು ತೋಟಕ್ಕೆ ಅಂಟಿಕೊಂಡದ್ದು. ತೋಟವಿಲ್ಲದ ದಲಿತನಿಗೆ ಬೆಟ್ಟವೂ ಇಲ್ಲ. ಅವನ ಮನೆಯಾಕೆ ಕಟ್ಟಿಗೆಗೆ ಹೋಗುವುದು ಊರಾಚೆಯ ಬೋಳುಗುಡ್ಡಕ್ಕೆ. 1993ರ ಆದೇಶ ಜಂಟಿ ನಿರ್ವಹಣೆಗೆ ಆರಿಸಿಕೊಂಡದ್ದೂ ಇಂಥ ನೆಲವನ್ನೇ: ಮರಗಳ ಹೊದಿಕೆ ನೂರಕ್ಕೆ 25ಕ್ಕಿಂತ ಕಡಿಮೆಯಿರುವ ಹಾಳು ಕಾಡು. ಇಲಾಖೆಗೆ ಅದು 'ಹಾಳು', ಅವಳಿಗೆ ಅದರಿಂದಲೇ ಒಲೆ ಉರಿಯಬೇಕು. ಅಲ್ಲಿ ಅಗಳ ತೋಡಿ ಅಕೇಶಿಯಾ ನೆಟ್ಟರೆ ಹೆಕ್ಟೇರುಗಳ ಲೆಕ್ಕ ಏರುತ್ತೆ. ಅವಳ ನಡಿಗೆ ಎಷ್ಟು ಉದ್ದವಾಯ್ತು ಅಂತ ಹೇಳದ ವರದಿ ಅರ್ಧ ವರದಿ.

ಸಮಿತಿಯಲ್ಲಿ ಪರಿಶಿಷ್ಟರಿಗೆ, ಮಹಿಳೆಯರಿಗೆ ಸ್ಥಾನ ಇತ್ತಲ್ಲ ಅಂತಾರೆ. ಇತ್ತು. ಆದರೆ ನಾಳೆ ಯಾರ ತೋಟಕ್ಕೆ ಕೂಲಿಗೆ ಹೋಗಬೇಕೋ ಅವರೆದುರು ಇಂದು ಎದ್ದುನಿಂತು ಮಾತಾಡೋದು ಸುಲಭವಲ್ಲ. ಇನ್ನು ಯಲ್ಲಾಪುರದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ. ಅಂದರೆ ಆ ದಶಕದಲ್ಲಿ ಮೀಸಲು ಸ್ಥಾನದ ಲೆಕ್ಕಕ್ಕೂ ಅವರು ಸಿಗುವಂತಿರಲಿಲ್ಲ.

ಆದ್ದರಿಂದ ಮೌಲ್ಯಮಾಪನದಲ್ಲಿ ಮೂರು ಪ್ರಶ್ನೆ ಇರಲೇಬೇಕು. ಆ ನೆಲವನ್ನು ಮೊದಲು ಯಾರು, ಏತಕ್ಕೆ ಬಳಸ್ತಿದ್ದರು? ಯೋಜನೆ ಯಾರ ಹಕ್ಕನ್ನು ಮುಟ್ಟದೆ ಬಿಟ್ಟಿತು? ಲಾಭ ಯಾವ ಕೇರಿಗೆ, ನಷ್ಟ ಯಾವ ಕೇರಿಗೆ? ಊರಿಗೆಲ್ಲ ಒಂದೇ ಸರಾಸರಿ ಹಾಕಿದರೆ ತೋಟದವರ ಏಳಿಗೆಯಲ್ಲಿ ಕೇರಿಯ ನಷ್ಟ ಮುಚ್ಚಿಹೋಗುತ್ತದೆ.

2005ರಲ್ಲಿ ಜಪಾನಿನ ಸಾಲದ ಅರಣ್ಯ ಯೋಜನೆ ರಾಜ್ಯಕ್ಕೆ ಬಂತು. ಅದೂ ನೆಚ್ಚಿದ್ದು ಗ್ರಾಮ ಅರಣ್ಯ ಸಮಿತಿಗಳನ್ನೇ. ಮುಂದೆಯೂ ಇಂಥವು ಬರುತ್ತವೆ. ಕೆಲಸ ಶುರುವಾಗುವ ಮೊದಲೇ ಸಂಘಟನೆಯ ಗೆಳೆಯರು ಕೇರಿಯಲ್ಲಿ ಕೂತು, ಕಟ್ಟಿಗೆಗೆ ಎಷ್ಟು ದೂರ, ವಾರಕ್ಕೆ ಎಷ್ಟು ಹೊರೆ ಅಂತ ಬರೆದಿಡಬೇಕು. ಹಿಂದಿನ ಲೆಕ್ಕ ಕೈಯಲ್ಲಿಲ್ಲದಿದ್ದರೆ 'ಯಾರಿಗೂ ಕೆಡುಕಾಗಿಲ್ಲ' ಎಂಬ ವರದಿಯನ್ನು ಸುಳ್ಳೆಂದು ತೋರಿಸುವುದು ಕಷ್ಟ.