ಊರು ಗೊತ್ತುಮಾಡುವ ಕಾಗದ

ಸದಸ್ಯ ಬಾಂಧವರಲ್ಲಿ ಒಂದು ತಪ್ಪೊಪ್ಪಿಗೆಯಿಂದ ಈ ಲೇಖನವನ್ನು ಆರಂಭಿಸಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಹೊರದೇಶದ ಒಬ್ಬ ಹುಡುಗಿ, ನಮ್ಮ ಮಗಳ ವಯಸ್ಸಿನವಳು, ಸ್ವಯಂಸೇವೆಗೆಂದು ಮಳವಳ್ಳಿ ಕಡೆಗೆ ಬರುವವಳಿದ್ದಳು. ಆಕೆ ಒಂದು ವರ್ಷ ಇರಲು ತಕ್ಕ ಹಳ್ಳಿಯನ್ನೂ ಮನೆಯನ್ನೂ ಗೊತ್ತುಮಾಡಿ ತಿಳಿಸಬೇಕೆಂದು ಕಳುಹಿಸುವ ಸಂಸ್ಥೆಯವರು ನಮ್ಮನ್ನು ಕೇಳಿದರು. ನಾವು ಪರಿಚಯದವರೊಬ್ಬರ ಮಾತಿನ ಮೇಲೆ ಹಳ್ಳಿಯ ಹೆಸರು ಬರೆದು, ‘ನೀರು, ದೀಪ, ಬಸ್ಸಿನ ಸೌಕರ್ಯ ಇದೆ’ ಎಂಬ ಒಂದು ಸಾಲು ಸೇರಿಸಿ, ರುಜು ಮಾಡಿ ಕಳುಹಿಸಿದೆವು. ಆ ಮನೆಯನ್ನು ನಾವು ಕಣ್ಣಾರೆ ನೋಡಿರಲಿಲ್ಲ.

ಆ ಸಾಲಿನಲ್ಲಿ ಸುಳ್ಳೇನೂ ಇರಲಿಲ್ಲ. ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಸಂಜೆಯ ಕೊನೆಯ ಬಸ್ಸು ಹೊತ್ತು ಮುಳುಗುವ ಮೊದಲೇ ಹೊರಟುಹೋಗುತ್ತಿತ್ತು. ಆಕೆ ಬಂದ ಹದಿನೈದು ದಿನಗಳ ಮೇಲೆ ನೋಡಿಬರಲು ಹೋದಾಗ, ಕಲಿತ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು: “ನೀರಿದೆ ಅಂತ ಬರೆದಿದ್ದಿರಿ ಸಾರ್. ಯಾವತ್ತು ಇರುತ್ತೆ ಅಂತ ಬರೆದಿರಲಿಲ್ಲ.” ಅದಕ್ಕಿಂತ ಹೆಚ್ಚು ನಾಚಿಕೆಯಾದದ್ದು ಆ ಮನೆಯ ಅಜ್ಜಿಯನ್ನು ಕಂಡಾಗ. ಅತಿಥಿಗೆ ತಮ್ಮ ಪಾಲಿನಲ್ಲಿ ಎರಡು ಬಿಂದಿಗೆ ಎತ್ತಿಟ್ಟು, ದನಕ್ಕೆ ಕೆರೆಯಿಂದ ಹೊತ್ತು ತರುತ್ತಿದ್ದರು. ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಹೊರಗಿನಿಂದ ಬರುವವರಿಗೆ ಊರನ್ನು ಆರಿಸುವ ಸ್ವಾತಂತ್ರ್ಯ ಸಾಮಾನ್ಯವಾಗಿ ಕಡಿಮೆ. 1961ರಿಂದ 1976ರವರೆಗೆ ಭಾರತದಲ್ಲಿ ಕೆಲಸ ಮಾಡಿದ ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರು ಅಂದಿನ ಮೈಸೂರು ರಾಜ್ಯಕ್ಕೂ ಬಂದು ಕೋಳಿ ಸಾಕಣೆಯಂಥ ಕೆಲಸಗಳಲ್ಲಿ ನೆರವಾದರು. 1966ರಲ್ಲಿ ತಮ್ಮ 68ನೆಯ ವಯಸ್ಸಿನಲ್ಲಿ ಈ ಪಡೆಯಲ್ಲಿ ಭಾರತಕ್ಕೆ ಬಂದ ಲಿಲಿಯನ್ ಕಾರ್ಟರ್ ಅವರ ಪಾಲಿಗೆ ಬಂದದ್ದು ಮುಂಬಯಿ ಬಳಿಯ ವಿಖ್ರೋಳಿ. ಆಕೆಯ ಮಗ ಜಿಮ್ಮಿ ಕಾರ್ಟರ್ ಮುಂದೆ ಅಮೆರಿಕದ ಅಧ್ಯಕ್ಷರಾದರು. ಯಾರೇ ಆಗಲಿ, ಭಾಷೆ ಕಲಿತು ಗಂಟು ಕಟ್ಟಿಕೊಂಡು ಕಾಯುವ ಮನುಷ್ಯನಿಗೆ ಊರಿನ ಹೆಸರು ಹೊತ್ತು ಬರುವ ಕಾಗದವೇ ಮುಂದಿನ ಬದುಕು. ಅದನ್ನು ಬರೆಯುವವನಿಗೆ ಮಾತ್ರ ಅದು ಕಡತದ ಒಂದು ಹಾಳೆ.

ಊರಿನಿಂದ ಊರಿಗೆ ಎಷ್ಟು ಅಂತರವೆಂಬುದನ್ನು ಮಂಡ್ಯ ಜಿಲ್ಲೆಯೇ ಕಲಿಸುತ್ತದೆ. ಜಿಲ್ಲೆಯ ಹೆಸರು ಹೇಳಿದರೆ ಹೊರಗಿನವರ ಕಣ್ಣಿಗೆ ಕಟ್ಟುವುದು ಕಬ್ಬು, ಬತ್ತ, ವಿಶ್ವೇಶ್ವರಯ್ಯ ನಾಲೆ. ಮದ್ದೂರಿಗೆ ರೈಲಿದೆ, ಹೆದ್ದಾರಿಯಿದೆ, ಎಳನೀರಿನ ದೊಡ್ಡ ಮಾರುಕಟ್ಟೆಯಿದೆ. ಮಳವಳ್ಳಿಗೆ ರೈಲಿಲ್ಲ, ನಾಲೆಯ ಕೊನೆಭಾಗದ ರೈತರು ನೀರಿಗಾಗಿ ಕಾದು ಕೂರುವುದು ಹಳೆಯ ಸಂಗತಿ. ಶಿವನಸಮುದ್ರ ಇದೇ ತಾಲ್ಲೂಕಿನದು. ಆದರೂ 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ತಾಲ್ಲೂಕಿನಲ್ಲಿದೆ ಎಂದ ಮಾತ್ರಕ್ಕೆ ಮನೆಯಲ್ಲಿದೆ ಎಂದಾಗುವುದಿಲ್ಲ.

ಇದನ್ನು ಚೆನ್ನಾಗಿ ಅರಿತವರು ಸ್ಕಾರ್ಲೆಟ್ ಎಪ್‌ಸ್ಟೀನ್. ಅವರು ಸ್ವಯಂಸೇವಕಿಯಲ್ಲ, ಇಂಗ್ಲೆಂಡಿನಿಂದ ಬಂದ ಸಂಶೋಧಕಿ. 1954ರಿಂದ 1956ರವರೆಗೆ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿ, ಅವನ್ನು ವಂಗಲ, ದಲೇನ ಎಂಬ ಕಲ್ಪಿತ ಹೆಸರುಗಳಲ್ಲಿ 1962ರ ಪುಸ್ತಕದಲ್ಲಿ ವರ್ಣಿಸಿದರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದು ಬೆದ್ದಲಾಗಿಯೇ ಉಳಿದಿತ್ತು. ನೀರು ಬಂದ ಊರಿನವರು ಬೇಸಾಯದಲ್ಲೇ ನಿಂತು ಹಳೆಯ ಕಟ್ಟುಕಟ್ಟಳೆಗಳನ್ನು ಬಹುಮಟ್ಟಿಗೆ ಉಳಿಸಿಕೊಂಡರು. ನೀರಿಲ್ಲದ ಊರಿನವರು ಪಟ್ಟಣದ ಕೆಲಸ, ವ್ಯಾಪಾರಗಳಿಗೆ ಕೈಹಾಕಿ ಹೆಚ್ಚು ಬದಲಾದರು. ಒಂದೇ ಊರಿನಲ್ಲಿ ನಿಂತಿದ್ದರೆ ಅವರಿಗೆ ಅರ್ಧ ಸತ್ಯವೇ ಕಾಣುತ್ತಿತ್ತು.

ಅಡಕೆ, ಕಾಫಿ ಬೆಳೆಗಾರರಾದ ನಾವು ಇನ್ನೊಬ್ಬ ಪರದೇಶಿಯನ್ನು ಮರೆಯಬಾರದು. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸರ್ಕಾರದ ಸಂಬಳದ ಅಧಿಕಾರಿಯಾಗಿ ಬಂದವರು. ಮಲೆನಾಡಿನ ತೋಟಗಳ ಕೊಳೆರೋಗವನ್ನು ಅಭ್ಯಾಸ ಮಾಡಿ, ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವ ಉಪಾಯವನ್ನು ಬಳಕೆಗೆ ತಂದರು. ನಾವು ಇಂದಿಗೂ ಮಳೆಗಾಲಕ್ಕೆ ಮೊದಲು ಮಾಡುವುದು ಅದನ್ನೇ. ಅವರ ಕಾಲದಲ್ಲಿ ಕಾಫಿಯ ಸಂಶೋಧನಾ ಕೇಂದ್ರ 1925ರಲ್ಲಿ ಬಾಳೆಹೊನ್ನೂರಿನಲ್ಲಿ, ನಾಲೆ ಬಯಲಿನ ಬೆಳೆಗಳ ಕೇಂದ್ರ 1931ರಲ್ಲಿ ಮಂಡ್ಯದಲ್ಲಿ ಆರಂಭವಾದವು. ಕೆಲಸ ಎಲ್ಲಿದೆಯೋ ನೆಲೆ ಅಲ್ಲಿ ಎಂಬುದು ಇದರ ಪಾಠ. ಬಂದವರನ್ನು ಕೆಲಸವಿರುವ ಹಳ್ಳಿ ಬಿಟ್ಟು ಪೇಟೆಯ ಬಂಗಲೆಯಲ್ಲಿ ಇಳಿಸುವುದೂ ತಪ್ಪೇ.

ಇಂಥ ಕೋರಿಕೆಗಳು ನಿಂತಿಲ್ಲ. ಹೊರದೇಶದವರು ಇರಲಿ, ಕೃಷಿ ಕಾಲೇಜುಗಳ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಗಳಲ್ಲಿ ತಂಗುತ್ತಾರೆ. ಅವರಿಗೆ ಮನೆ ಕೊಡಲು ಒಪ್ಪುವ ಸದಸ್ಯರಲ್ಲಿ ನಮ್ಮ ಬಿನ್ನಹ ಇಷ್ಟೆ. ಮೊದಲು ಮನೆಯ ಹೆಂಗಸರ ಒಪ್ಪಿಗೆ ಕೇಳಿ. ನೀರು ಹೊರುವವರು, ಬೇಯಿಸುವವರು ಅವರು. ನೀರು ಯಾವ ದಿನ, ಎಷ್ಟು ಹೊತ್ತು ಬರುತ್ತದೆ, ಕಕ್ಕಸಿನ ಬಾಗಿಲಿಗೆ ಚಿಲಕವಿದೆಯೇ, ಕೊನೆಯ ಬಸ್ಸು ಎಷ್ಟು ಗಂಟೆಗೆ, ರಾತ್ರಿ ಜ್ವರ ಬಂದರೆ ಹತ್ತಿರದ ಆಸ್ಪತ್ರೆ ಎಷ್ಟು ದೂರ, ಊಟಕ್ಕೆ ಎಷ್ಟು ಕೊಡಬೇಕು ಎಂಬುದನ್ನು ಬರೆದು ಕೊಡಿ. ಕೊರತೆಯನ್ನು ಮುಚ್ಚಬೇಡಿ. ಮೊದಲೇ ತಿಳಿದ ಕೊರತೆಗೆ ಮನುಷ್ಯ ಹೊಂದಿಕೊಳ್ಳುತ್ತಾನೆ.

ಆ ಹುಡುಗಿ ವರ್ಷ ಪೂರೈಸಿಯೇ ಹೋದಳು. ಅಜ್ಜಿಯ ಮನೆಗೆ ಒಂದು ಸಣ್ಣ ಸಿಂಟೆಕ್ಸ್ ತೊಟ್ಟಿ ಬಂದದ್ದು ನಮ್ಮ ಖರ್ಚಿನಲ್ಲಿ. ಅದು ದಾನವಲ್ಲ, ದಂಡ. ಹೊರಡುವ ಮುನ್ನ ಮುಂದೆ ಬರುವವರಿಗೆಂದು ಆಕೆ ಊರಿನ ವಿವರವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಟ್ಟಳು. ನೀರಿನ ದಿನಗಳಿಂದ ಅದು ಆರಂಭವಾಗುತ್ತದೆ. ಅದರ ಪ್ರತಿ ಕಚೇರಿಯಲ್ಲಿದೆ. ಮನೆ ಕೊಡುವ ಸದಸ್ಯರು ಅದೇ ಮಾದರಿಯಲ್ಲಿ ಬರೆದು ತಲುಪಿಸಬೇಕಾಗಿ ಕೋರುತ್ತೇವೆ.