ಹಳೆಯ ಕೋಣೆ ತಂಪು, ಹೊಸದೇಕೆ ಕಾವಲಿ?

ಪ್ರಶ್ನೆ: ಮುಧೋಳದ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಹಳೆಯ ಕಲ್ಲಿನ ಕೋಣೆ ಬೇಸಿಗೆಯಲ್ಲೂ ತಂಪು. ಹೊಸ ಕೋಣೆಯಲ್ಲಿ ಫ್ಯಾನ್ ಹಾಕಿದರೂ ಸೆಖೆ. ಯಾಕೆ?

ಉತ್ತರ: ತಲೆಯ ಮೇಲೆ ನೋಡಿ. ಹಳೆಯ ಕೋಣೆಗೆ ಮಣ್ಣಿನ ಮಾಳಿಗೆ, ದಪ್ಪ ಕಲ್ಲಿನ ಗೋಡೆ. ಬಿಸಿಲು ಅವುಗಳನ್ನು ದಾಟಿ ಒಳಗೆ ಬರುವಷ್ಟರಲ್ಲಿ ಶಾಲೆ ಬಿಡುವ ಗಂಟೆ ಹೊಡೆದಿರುತ್ತದೆ. ನಾಲ್ಕೈದು ಅಂಗುಲದ ಕಾಂಕ್ರೀಟ್ ಸ್ಲ್ಯಾಬ್ ಹಾಗಲ್ಲ, ಮಧ್ಯಾಹ್ನದ ಪಾಠದ ಹೊತ್ತಿಗೇ ಕಾದು ಕೆಳಗೆ ಕೂತ ಮಕ್ಕಳ ಮೇಲೆ ಕಾವು ಸುರಿಯುತ್ತದೆ. ಫ್ಯಾನ್ ಆ ಬಿಸಿಗಾಳಿಯನ್ನೇ ತಿರುಗಿಸುತ್ತದೆ.

ಸ್ಲ್ಯಾಬಿನ ಮೇಲೆ ಬೇಸಿಗೆಗೆ ಮುಂಚೆ ಬಿಳಿ ಸುಣ್ಣ ಬಳಿಯಿರಿ, ಬಿಸಿಲಿನ ಬಹುಪಾಲು ಅಲ್ಲಿಂದಲೇ ಹಿಂದಿರುಗುತ್ತದೆ. ಮಳೆಗೆ ತೊಳೆದುಹೋಗುವುದರಿಂದ ಪ್ರತಿ ವರ್ಷ ಬಳಿಯಬೇಕು. ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿ ಇದ್ದರೆ ಮುಚ್ಚಬೇಡಿ, ಬಿಸಿಗಾಳಿ ಹೊರಹೋಗುವ ದಾರಿ ಅದೇ. ಫ್ಯಾನ್ ಬದಲಿಸುವುದಾದರೆ, ಹಳೆಯದು ಸುಮಾರು 75 ವ್ಯಾಟ್ ಎಳೆದರೆ ಕಡಿಮೆ ವಿದ್ಯುತ್ ಬಳಸುವ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ನಾಲ್ಕು ಫ್ಯಾನು ದಿನಕ್ಕೆ ಆರು ತಾಸು ತಿರುಗಿದರೆ ಒಂದು ಯೂನಿಟ್ ಉಳಿತಾಯ.

2023ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಿಸಿದೆ, ಒಳ್ಳೆಯದೇ ಆಯಿತು. ಆದರೆ ಕರೆಂಟು ಹೋದ ಮಧ್ಯಾಹ್ನ ಮಕ್ಕಳನ್ನು ಕಾಯುವುದು ಸುಣ್ಣ ಬಳಿದ ಸ್ಲ್ಯಾಬೇ. ಹಳೆಯ ಕೋಣೆಯನ್ನು ಕೆಡವುವ ಮಾತು ಬಂದರೆ, ದಯವಿಟ್ಟು ಮೊದಲು ರಿಪೇರಿ ಸಾಧ್ಯವೇ ಎಂದು ಎಂಜಿನಿಯರರನ್ನು ಕೇಳಿ.